ಲೇಡಿ ಮ್ಯಾಕ್‌ಬೆತ್‌ಳ ಪಾರ್ಟು ಮಾತ್ರ ಕೊಟ್ಟು ಇಡೀ ನಾಟಕ ಕಲಿಸಿದ್ದು

ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು, ನಾಯಕನ ಹೆಂಡತಿ ಲೇಡಿ ಮ್ಯಾಕ್‌ಬೆತ್‌ಳ ಮಾತಿನ ಹಾಳೆಗಳನ್ನಷ್ಟೇ ಕೊಟ್ಟು ಕಲಿಸ್ತೀನಿ ಅಂತ ಇಂಗ್ಲಿಷ್ ಟ್ಯೂಷನ್ ಮಾಡುವ ಗೆಳೆಯರಿಗೆ ಮೊದಲು ಹೇಳಿದಾಗ ನಕ್ಕರು. "ಪೂರ್ತಿ ಪುಸ್ತಕ ಕೊಟ್ಟರೇ ಹುಡುಗರ ತಲೆಗೆ ಹತ್ತಲ್ಲ, ನೀವು ಹತ್ತರಲ್ಲೊಂದು ಭಾಗ ಕೊಟ್ಟು ಏನ್ ಮಾಡ್ತೀರಿ ಸಾರ್" ಅಂದರು ಒಬ್ಬರು. ಈಗ ಅವರೇ ಆ ಹಾಳೆಗಳ ಜೆರಾಕ್ಸ್ ಕೇಳುತ್ತಿದ್ದಾರೆ. ಹಾಗಾಗಿ ಬರೆಯೋಣ ಅನ್ನಿಸಿತು.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಹಿಂದಿನ ಬ್ಯಾಚುಗಳಿಗೆ ಮ್ಯಾಕ್‌ಬೆತ್ ಅನ್ನು ಸಾಲು ಸಾಲಾಗಿ ಅರ್ಥ ಹೇಳಿ ಮಾಡುತ್ತಿದ್ದೆ. ಪೆನ್ಸಿಲಿನಲ್ಲಿ ಪ್ರತಿ ಸಾಲಿನ ಮೇಲೂ ಅರ್ಥ ಬರೆದುಕೊಳ್ಳುತ್ತಿದ್ದರು, ಮುಂದಿನ ವಾರ ಕೇಳಿದರೆ ಖಾಲಿ. ಆಮೇಲೆ ಸಿನಿಮಾ ತೋರಿಸೋಣ ಅಂತ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆ. ಏಳು ಸಾವಿರದ ಹತ್ತಿರ ಹೋಯಿತು, ಸ್ಪೀಕರ್ ಬೇರೆ. ಹುಡುಗರು ರಕ್ತ, ಮಾಟಗಾತಿಯರು, ಮಂಜು ಇಷ್ಟನ್ನು ನೆನಪಿಟ್ಟುಕೊಂಡು, ನಾಟಕದಲ್ಲಿ ಇಲ್ಲದ ದೃಶ್ಯಗಳನ್ನೆಲ್ಲ ಉತ್ತರದಲ್ಲಿ ಬರೆದು ಬಂದರು. ಕನ್ನಡದಲ್ಲಿ ಕಥೆ ಹೇಳಿ ಶುರು ಮಾಡಿದೆ, ಅದಕ್ಕೊಬ್ಬ ಹುಡುಗ "ಕಥೆ ಗೊತ್ತಾಯ್ತಲ್ಲ ಸಾರ್, ಮತ್ಯಾಕೆ ಓದೋದು?" ಅಂದ. ಅವನ ಪ್ರಶ್ನೆ ಸರಿಯಾಗೇ ಇತ್ತು. ಪ್ರೊಜೆಕ್ಟರ್ ಈಗ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ.

ಉಪಾಯ ಸಿಕ್ಕಿದ್ದು ನಮ್ಮ ಕಡೆಯ ಕುರುಕ್ಷೇತ್ರ ನಾಟಕದಿಂದ. ಮಂಡ್ಯ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ದುಡ್ಡು ಕೊಟ್ಟು ಪಾರ್ಟು ತಗೊಳ್ಳೋದು, ದುರ್ಯೋಧನನಿಗೆ ಜಾಸ್ತಿ ರೇಟು, ಹಾರ್ಮೋನಿಯಂ ಮೇಷ್ಟ್ರು ರಾತ್ರಿ ಹೊತ್ತು ಕೂರಿಸಿಕೊಂಡು ಕಲಿಸೋದು. ಗದ್ದೆ ಕೆಲಸ ಮುಗಿಸಿ ಬಂದ ಕರ್ಣನ ಕೈಯಲ್ಲಿ ಇರೋದು ಒಂದು ನೋಟ್‌ಬುಕ್ಕು, ಅದರಲ್ಲಿ ಕರ್ಣನ ಮಾತು, ಕರ್ಣನ ಹಾಡು, ಎದುರಿನವರ ಮಾತಿನ ಕೊನೆಯ ಎರಡು ಮೂರು ಪದ, ಇಂಗ್ಲಿಷಿನಲ್ಲಿ ಇದಕ್ಕೆ ಕ್ಯೂ ಅಂತಾರೆ. ಅಷ್ಟೇ. ಷೇಕ್ಸ್‌ಪಿಯರ್ ಕಾಲದ ಲಂಡನ್ನಿನ ನಟರಿಗೂ ಹೀಗೇ ಅವರವರ ಪಾರ್ಟು ಮಾತ್ರ ಸಿಗುತ್ತಿತ್ತು. ಎಡ್ವರ್ಡ್ ಅಲೀನ್ ಅನ್ನೋ ನಟನ ಅಂಥ ಒಂದು ಪಾರ್ಟು, 1590ರ ದಶಕದ್ದು, ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಇವತ್ತಿಗೂ ಇದೆ. ಅಂದಮೇಲೆ ನನ್ನದೇನೂ ಹೊಸದಲ್ಲ. ಆದರೆ ಟ್ಯೂಷನ್ನಿನಲ್ಲಿ ಇದನ್ನು ಮಾಡಿದವರನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ.

ಈ ಸಲ ಬಂದವಳು ಹನ್ನೊಂದನೇ ಕ್ಲಾಸಿನ ಹುಡುಗಿ. ಮುಂದೆ ಸಾಹಿತ್ಯವನ್ನೇ ಓದಬೇಕು ಅನ್ನೋ ಆಸೆ, ಆದರೆ ಷೇಕ್ಸ್‌ಪಿಯರ್ ಅಂದರೆ ಮುಖ ಸಿಂಡರಿಸುತ್ತಿದ್ದಳು. ಒಬ್ಬ ರಾಜನ ಕೊಲೆ ಆಗುತ್ತೆ ಅನ್ನೋದು ಬಿಟ್ಟು ಕಥೆ ಗೊತ್ತಿರಲಿಲ್ಲ. ಗೈಡ್ ಮುಟ್ಟಬಾರದು, ಫೋನಿನಲ್ಲಿ ಹುಡುಕಬಾರದು ಅಂತ ಮಾತು ತಗೊಂಡೆ. ಲೇಡಿ ಮ್ಯಾಕ್‌ಬೆತ್‌ಳ ಮಾತು ಒಟ್ಟು 250 ಸಾಲಿನ ಆಸುಪಾಸು. ಕ್ಯೂ ಸಮೇತ ಟೈಪ್ ಮಾಡಿ, ಹಾಳೆಗಳನ್ನು ಉದ್ದಕ್ಕೆ ಅಂಟಿಸಿ ಸುರುಳಿ ಮಾಡಿದೆ. ಖರ್ಚು ನಲವತ್ತು ರೂಪಾಯಿ ದಾಟಲಿಲ್ಲ. ಎದುರಿನ ಪಾತ್ರಗಳೆಲ್ಲ ನಾನೇ.

ಒಂದು ಕೆಲಸ ಬೇಕಂತಲೇ ಮಾಡಿದೆ. ಮೊದಲ ಅಂಕದ ಏಳನೇ ದೃಶ್ಯದಲ್ಲಿ ಗಂಡ ಹೆಂಡತಿ ರಾಜನನ್ನು ಕೊಲ್ಲುವ ಮಾತಾಡುವಾಗ ಮ್ಯಾಕ್‌ಬೆತ್ "ಇಫ್ ವಿ ಶುಡ್ ಫೇಲ್?" ಅಂತ ಕೇಳುತ್ತಾನೆ. ಲೇಡಿ ಮ್ಯಾಕ್‌ಬೆತ್ "ವಿ ಫೇಲ್" ಅನ್ನುತ್ತಾಳೆ. 1623ರ ಫೋಲಿಯೊದಲ್ಲಿ, ಅಂದರೆ ಷೇಕ್ಸ್‌ಪಿಯರ್ ನಾಟಕಗಳನ್ನು ಒಟ್ಟುಗೂಡಿಸಿ ಮೊದಲು ಅಚ್ಚು ಹಾಕಿದ ಪುಸ್ತಕದಲ್ಲಿ, ಅಲ್ಲಿ ಪ್ರಶ್ನೆ ಚಿಹ್ನೆ ಇದೆ, ಆಮೇಲಿನ ಕೆಲವು ಮುದ್ರಣಗಳಲ್ಲಿ ಬೇರೆ ಚಿಹ್ನೆ. ನಾನು ಯಾವುದನ್ನೂ ಹಾಕಲಿಲ್ಲ. ಹುಡುಗಿ ಮೊದಲು ಕಿಸಕ್ಕನೆ ನಕ್ಕು ಹೇಳಿದಳು. ಆಮೇಲೆ ಗದರಿದ ಹಾಗೆ. ಮೂರನೇ ಸಲ ತಣ್ಣಗೆ, "ಸೋತರೆ ಸೋತ್ವಿ, ಏನೀಗ" ಅನ್ನೋ ಧಾಟಿಯಲ್ಲಿ. "ಸಾರ್, ಯಾವುದು ಸರಿ?" ಅಂದಳು. ನಾನು ಹೇಳಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಅದನ್ನೇ ಗುನುಗುತ್ತಿದ್ದಳಂತೆ, ಅಮ್ಮನಿಗೆ ರೇಗಿಹೋಗಿತ್ತು.

ಅಪ್ಪನಿಗೆ ಬೇರೆ ಚಿಂತೆ. "ಸಾರ್, ಪೋರ್ಷನ್ ಯಾವಾಗ ಮುಗಿಸ್ತೀರಿ? ಗಂಟೆಗೆ ಐನೂರು ಕೊಡ್ತಿದೀನಿ, ಇವಳು ಇನ್ನೂ ಪುಸ್ತಕವನ್ನೇ ತೆರೆದಿಲ್ಲ." ಇನ್ನೊಂದು ತಿಂಗಳು ತಡೀರಿ ಅಂದೆ. ಎದೆ ಸ್ವಲ್ಪ ಡವಡವ ಅಂತಿತ್ತು, ಆ ಫೀಸು ಹೋದರೆ ನನಗೂ ಕಷ್ಟವೇ.

ಸುರುಳಿಯ ನಿಜವಾದ ಲಾಭ ಮೂರನೇ ಅಂಕದಲ್ಲಿ. ಮೊದಲ ಅಂಕದಲ್ಲಿ ಗಂಡ ಅವಳನ್ನು ಪಾಲುದಾರಳು ಅಂತ ಕರೆದು ಪತ್ರ ಬರೆಯುತ್ತಾನೆ, ಇವಳ ಮಾತು ಕಂತೆಗಟ್ಟಲೆ. ಮೂರನೇ ಅಂಕದ ಶುರುವಿನಲ್ಲಿ ಒಂದೇ ಒಂದು ಮಾತು. ಔತಣದ ಗಲಾಟೆಯಲ್ಲಿ ಸ್ವಲ್ಪ ಹೊತ್ತು ಜೋರು ಮಾಡಿದರೂ, ಅತಿಥಿಗಳು ಎದ್ದು ಹೋದ ಮೇಲೆ ಒಂದೊಂದೇ ಸಾಲು, ಅದೂ ಮೂರೇ ಮೂರು. ಕೊನೆಯದು, ನಿಮಗೆ ನಿದ್ದೆ ಇಲ್ಲ ಅನ್ನೋ ಅರ್ಥದ್ದು. ಪುಸ್ತಕದಲ್ಲಾದರೆ ಇದಾದ ಮೇಲೆ ಇಡೀ ನಾಲ್ಕನೇ ಅಂಕ ಅಡ್ಡ ಬರುತ್ತೆ. ಸುರುಳಿಯಲ್ಲಿ ಅದರ ಕೆಳಗೇ ನಿದ್ದೆಯಲ್ಲಿ ನಡೆಯುವ ದೃಶ್ಯ. ಹುಡುಗಿ ಎರಡು ಸಾಲಿನ ಮೇಲೂ ಬೆರಳಿಟ್ಟು, "ಗಂಡನಿಗೆ ನಿದ್ದೆ ಇಲ್ಲ ಅಂದವಳು ಈಗ ಇವಳೇ ನಿದ್ದೆಯಲ್ಲಿ ಓಡಾಡ್ತಿದಾಳೆ! ನಡುವೆ ಎಲ್ಲಿ ಹೋಗಿದ್ದಳು ಸಾರ್?" ಅಂದಳು. ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಹೇಳುತ್ತಿದ್ದುದು ಇದನ್ನೇ!

ಇನ್ನೊಂದನ್ನೂ ಅವಳೇ ಹಿಡಿದಳು. ಅಲ್ಲಿ ಕ್ಯೂಗಳು ವೈದ್ಯನದು, ಸೇವಕಿಯದು. "ಇವರು ಹೇಳೋದಕ್ಕೂ ನಾನು ಹೇಳೋದಕ್ಕೂ ಸಂಬಂಧವೇ ಇಲ್ಲ, ತಪ್ಪು ಟೈಪ್ ಮಾಡಿದೀರಾ?" ಅಂತ ಕೇಳಿದಳು. ಫೈಫಿನ ಒಡೆಯನ ಹೆಂಡತಿ ಎಲ್ಲಿ ಅಂತ ಒಂದು ಮಾತು ಬರುತ್ತಲ್ಲ, ಅದು ಯಾರು ಅಂತ ಬೆನ್ನು ಹತ್ತಿದಳು. ಆಗ ಪುಸ್ತಕ ಕೈಗೆ ಕೊಟ್ಟೆ. ಆ ಹೆಂಡತಿಯ ಕೊಲೆ ಇರುವ ನಾಲ್ಕನೇ ಅಂಕವನ್ನು ಹುಡುಗಿಯೇ ಓದಿಕೊಂಡು ಬಂದಳು. "ಟು ಬೆಡ್, ಟು ಬೆಡ್, ಟು ಬೆಡ್" ಅಂತ ಸುರುಳಿ ಮುಗಿಯುತ್ತೆ, ಲೇಡಿ ಮ್ಯಾಕ್‌ಬೆತ್‌ಳ ಸಾವು ಅದರಲ್ಲಿಲ್ಲ. ಆ ಸುದ್ದಿ ಬರುವ ಭಾಗವನ್ನು ನಾನು ಮ್ಯಾಕ್‌ಬೆತ್ ಆಗಿ ಓದಿದೆ. ಓದುವ ಮುಂಚೆ ಹುಡುಗಿಗೆ ಒಂದು ಪ್ರಶ್ನೆ ಕೇಳಿದೆ, ಅದನ್ನು ಇಲ್ಲಿ ಬರೆಯಲ್ಲ. ಕ್ಯೂ ಎಷ್ಟು ಉದ್ದ ಇಡಬೇಕು ಅನ್ನೋದನ್ನೂ. ನನ್ನ ಹೊಟ್ಟೆಪಾಡು ಅಲ್ವಾ.

ಸ್ಕೂಲಿನ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಹದಿನೇಳೋ ಹದಿನೆಂಟೋ ಬಂತು. ಅಪ್ಪ ಪೋರ್ಷನ್ ಮಾತು ಎತ್ತಿಲ್ಲ, ಫೀಸು ಏಳುನೂರು ಮಾಡಿದೆ, ಅದಕ್ಕೂ ತುಟಿ ಬಿಚ್ಚಲಿಲ್ಲ.

ಸುಮ್ನೆ ಇರಲಾರದೆ ಗ್ರೀಕ್ ನಾಟಕಕಾರ ಸೋಫೊಕ್ಲಿಸನ ಈಡಿಪಸ್ ಮೇಲೂ ಇದನ್ನು ಪ್ರಯೋಗ ಮಾಡಿದೆ, ಬಿಎ ಹುಡುಗನ ಜೊತೆ. ಈಡಿಪಸ್ ಪಾರ್ಟು ಕೊಟ್ಟದ್ದು ದಂಡ. ಅವನು ಹೆಚ್ಚುಕಮ್ಮಿ ಪೂರ್ತಿ ರಂಗದ ಮೇಲೇ ಇರುತ್ತಾನೆ, ಪಾರ್ಟು ಅಂದರೆ ನಾಟಕವೇ ಆಯಿತು. ಅವನ ಹೆಂಡತಿ ಯೊಕಾಸ್ತಳ ಪಾರ್ಟು ಕೊಟ್ಟ ಮೇಲೆ ರುಚಿ ಹತ್ತಿತು. ಅವಳು ನಿಜಕ್ಕೂ ಅವನ ತಾಯಿ, ಅದು ಇಬ್ಬರಿಗೂ ಗೊತ್ತಿರಲ್ಲ. ಕೊರಿಂಥ ಅನ್ನೋ ಊರಿಂದ ಸುದ್ದಿ ತಂದವನು, ಹಿಂದೆ ಬೆಟ್ಟದಲ್ಲಿ ಸಿಕ್ಕಿದ ಕೂಸೇ ಈಡಿಪಸ್ ಅನ್ನೋ ವಿಷಯ ಬಿಚ್ಚುತ್ತಿದ್ದಾನೆ, ಇವಳಿಗೆ ಅಷ್ಟು ಹೊತ್ತು ಒಂದೂ ಮಾತಿಲ್ಲ. ಹುಡುಗ ಹಾಳೆ ಹಿಡಿದು ನಿಂತೇ ಇದ್ದ, ನಾನು ಓದುತ್ತಾ ಹೋದಂತೆ ಅವನ ಮುಖವೇ ಬದಲಾಯಿತು.

ಈಗ ಮತ್ತೆ ಮ್ಯಾಕ್‌ಬೆತ್‌ಗೆ ಬಂದು, ಮ್ಯಾಕ್‌ಬೆತ್ ಕೊಲ್ಲಿಸುವ ಗೆಳೆಯ ಬ್ಯಾಂಕೊನ ಪಾರ್ಟು ಟೈಪ್ ಮಾಡುತ್ತಿದ್ದೇನೆ. ಸತ್ತ ಮೇಲೂ ಅವನು ದೆವ್ವವಾಗಿ ಔತಣಕ್ಕೆ ಬಂದು ಕೂರಬೇಕು, ಆಮೇಲೆ ಮಾಟಗಾತಿಯರ ದೃಶ್ಯಕ್ಕೂ ಬರಬೇಕು, ಮಾತು ಮಾತ್ರ ಒಂದೂ ಇಲ್ಲ. ಅದನ್ನು ಹಾಳೆಯಲ್ಲಿ ಬರೀ ಕ್ಯೂ ಆಗಿ ಇಡಬೇಕೋ, ಖಾಲಿ ಬಿಡಬೇಕೋ ಇನ್ನೂ ಬಗೆಹರಿದಿಲ್ಲ.