ಸಿಎಲ್‌ಎಲ್ ಇದ್ದವರು ರಕ್ತದ ಲೆಕ್ಕ ಬರೆದಿಡುವುದು ಹೇಗೆ

ಹಾಸನದ ಹತ್ತಿರ ಒಂದು ಹಾಲಿನ ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು. ನಿವೃತ್ತಿಯಾದ ವರ್ಷವೇ ನನ್ನ ಬಿಳಿ ರಕ್ತಕಣ 19,000 ಬಂತು. ಸೋಂಕು ಎಂದು ಒಂದು ಕಡೆ ಮಾತ್ರೆ ಕೊಟ್ಟರು. ಇಳಿಯಲಿಲ್ಲ. ಕೊನೆಗೆ ಗೊತ್ತಾಗಿದ್ದು ರಕ್ತದ ಕ್ಯಾನ್ಸರಿನ ಒಂದು ಬಗೆ, ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ, ಅಂದರೆ ಸಿಎಲ್‌ಎಲ್. "ಈಗ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ಬನ್ನಿ" ಎಂದರು ಡಾಕ್ಟರ್. ಕ್ಯಾನ್ಸರೂ ಹೌದು, ಔಷಧಿಯೂ ಬೇಡ! ಮನೆಯವಳು ಬಸ್‌ಸ್ಟ್ಯಾಂಡ್‌ವರೆಗೆ ಮಾತೇ ಆಡಲಿಲ್ಲ. ನಾನು ದಾರಿಯಲ್ಲೇ ಒಂದು ಕಿರ್ದಿ ಪುಸ್ತಕ ಕೊಂಡೆ.

ನನ್ನ ಕಾಯಿಲೆ ಸೇರುವುದು ಲಿಂಫೋಪ್ರೊಲಿಫೆರೇಟಿವ್ ಕಾಯಿಲೆ ಎಂಬ ದೊಡ್ಡ ಮನೆತನಕ್ಕೆ. ಲಿಂಫೋಸೈಟ್ ಎಂಬ ಬಿಳಿಕಣ ಮಿತಿ ಮೀರಿ ಹೆಚ್ಚುವುದು ಆ ಮನೆತನದ ಗುಣ. ಕುತ್ತಿಗೆ, ಕಂಕುಳಿನಂಥ ಕಡೆ ಇರುವ ಲಿಂಫ್ ಗಂಟುಗಳಲ್ಲಿ ಬೆಳೆದರೆ ಲಿಂಫೋಮಾ. ರಕ್ತದಲ್ಲಿ ತುಂಬಿಕೊಂಡರೆ ನನ್ನದರಂಥದ್ದು. ನಾನು ಹೇಳುವ ಲೆಕ್ಕ ಸಿಎಲ್‌ಎಲ್‌ಗೆ ಮಾತ್ರ. ಬೇರೆಯವರು ಇದನ್ನು ಹಚ್ಚಿಕೊಳ್ಳಬೇಡಿ.

ಮೊದಲ ಪುಟಕ್ಕೆ ಫ್ಲೋ ಸೈಟೋಮೆಟ್ರಿ ರಿಪೋರ್ಟ್ ಅಂಟಿಸಿ. ಬಿಳಿಕಣ ಯಾವ ಜಾತಿಯದು ಎಂದು ತೋಳಿನ ರಕ್ತದಲ್ಲೇ ಗುರುತಿಸುವ ಪರೀಕ್ಷೆ ಅದು. ಸಿಡಿ5, ಸಿಡಿ19, ಸಿಡಿ23 ಎಂದೆಲ್ಲ ಬರೆದಿರುತ್ತಾರೆ, ಅವು ಕಣದ ಮೈಮೇಲಿನ ಗುರುತುಗಳು. ಒಂದೇ ಅಚ್ಚಿನ ಬಿ ಕಣಗಳು (ಲಿಂಫೋಸೈಟ್‌ನ ಒಂದು ಬಗೆ) ಮೈಕ್ರೊಲೀಟರಿಗೆ 5,000 ಅಥವಾ ಜಾಸ್ತಿ ಇದ್ದು, ಮೂರು ತಿಂಗಳು ಹಾಗೇ ಇದ್ದರೆ ಸಿಎಲ್‌ಎಲ್.

ಆಮೇಲೆ ತಾರೀಖು, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಒಟ್ಟು ಬಿಳಿಕಣ, ಲಿಂಫೋಸೈಟ್ ಶೇಕಡಾ ಎಂದು ಮನೆ ಎಳೆಯಿರಿ. ಕೊನೆಗೆ ಇನ್ನೊಂದು ಮನೆ, ಲಿಂಫೋಸೈಟ್ ಸಂಖ್ಯೆಗೆ. ಅದನ್ನು ನೀವೇ ಗುಣಿಸಿ ಬರೆಯಬೇಕು. ಒಟ್ಟು 21,000, ಲಿಂಫೋಸೈಟ್ ಶೇ. 74 ಎಂದರೆ 15,540. ಶೇಕಡಾ ಒಂದನ್ನೇ ನೋಡಿ ಗಾಬರಿಯಾಗುವವರೇ ಜಾಸ್ತಿ. ಅದರಿಂದ ಏನೂ ತಿಳಿಯುವುದಿಲ್ಲ, ಈ ಗುಣಿಸಿದ ಸಂಖ್ಯೆಯೇ ಮುಖ್ಯ. ಆದಷ್ಟು ಒಂದೇ ಲ್ಯಾಬಿಗೆ ಹೋಗಿ. ಒಮ್ಮೆ ಲ್ಯಾಬ್ ಬದಲಿಸಿದಾಗ ರಿಪೋರ್ಟಿನಲ್ಲಿ 21.4 ಎಂದಿತ್ತು. ಕಾಯಿಲೆ ವಾಸಿಯಾಯ್ತು ಎಂದು ಮನೆಯವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಪಾಪ, ಅವರು ಸಾವಿರದ ಲೆಕ್ಕದಲ್ಲಿ ಬರೆದಿದ್ದರು ಅಷ್ಟೆ.

ಜ್ವರ, ಕೆಮ್ಮು, ಸ್ಟಿರಾಯ್ಡ್ ಮಾತ್ರೆ ಇದ್ದ ದಿನಗಳನ್ನು ಪಕ್ಕದಲ್ಲಿ ಗುರುತು ಹಾಕಿ. ಸಂಖ್ಯೆ ಅದರಿಂದಲೂ ಏರುಪೇರಾಗುತ್ತದೆ.

ಸಂಖ್ಯೆ ದೊಡ್ಡದು ಎಂಬುದಕ್ಕೇ ಔಷಧಿ ಶುರು ಮಾಡುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಆರಂಭದಲ್ಲೇ ಕ್ಲೋರಾಂಬುಸಿಲ್ ಎಂಬ ಕೀಮೋ ಮಾತ್ರೆ ಕೊಟ್ಟು ನೋಡಿದ ಫ್ರೆಂಚ್ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಬೇಗ ಔಷಧಿ ತೆಗೆದುಕೊಂಡವರು ಹೆಚ್ಚು ಕಾಲವೇನೂ ಬದುಕಲಿಲ್ಲ. ಕಾಯಿಲೆಯ ಹಂತಗಳನ್ನು 1975ರಲ್ಲೇ ವಿಂಗಡಿಸಿದವರು ಡಾಕ್ಟರ್ ಕಾಂತಿ ರೈ. ಜೋಧ್‌ಪುರದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ದುಡಿದವರು. ಗಂಟು, ಗುಲ್ಮ (ಸ್ಪ್ಲೀನ್), ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ನೋಡಿ ಹಂತ ಹೇಳುವ ಆ ಕ್ರಮವನ್ನು ಇವತ್ತಿಗೂ ಬಳಸುತ್ತಾರೆ. ರಿಪೋರ್ಟಿನಲ್ಲಿ "ರೈ ಸ್ಟೇಜ್" ಎಂದು ಕಂಡಾಗ ನಮ್ಮ ಕಡೆಯವರ ಹೆಸರು ಎಂದು ಸುಮ್ನೆ ಒಂದು ಖುಷಿ.

ಹಾಗಾದರೆ ಯಾವಾಗ ಡಾಕ್ಟರ್ ಹತ್ತಿರ ಓಡಬೇಕು? ಪುಸ್ತಕದ ರಟ್ಟಿನ ಒಳಗೆ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ: ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ. ಆರು ತಿಂಗಳಲ್ಲಿ ತೂಕ ಹತ್ತನೇ ಒಂದು ಭಾಗ ಇಳಿದದ್ದು. ಸೋಂಕಿಲ್ಲದೆ ಎರಡು ವಾರ ಜ್ವರ. ಸೋಂಕಿಲ್ಲದೆ ಒಂದು ತಿಂಗಳು ಅಥವಾ ಜಾಸ್ತಿ ರಾತ್ರಿ ಬನಿಯನ್ ಒದ್ದೆಯಾಗುವ ಬೆವರು. ಲಿಂಫೋಸೈಟ್ 30,000 ದಾಟಿ, ಆರು ತಿಂಗಳೊಳಗೆ ದುಪ್ಪಟ್ಟಾದರೆ ಅದೂ ಸೇರಿತು. ಇವೆಲ್ಲ ಡಾಕ್ಟರ್ ತೂಗಿ ನೋಡುವ ವಿಷಯ. ನಮ್ಮ ಕೆಲಸ ಮರೆಯದೆ ತೋರಿಸುವುದು. ಆದರೆ ಚಳಿಜ್ವರ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಈ ಕಾಯಿಲೆಯವರಿಗೆ ಸೋಂಕು ಬೇಗ ಹತ್ತುತ್ತದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ಕೇಳಿ ಹಾಕಿಸಿಕೊಳ್ಳಿ. ಜೀವಂತ ರೋಗಾಣು ಇರುವ ಲಸಿಕೆ ಮಾತ್ರ ಬೇಡ.

ಒಂದು ವೇಳೆ ಔಷಧಿ ಶುರು ಎಂದರೆ, ಅದಕ್ಕೂ ಮೊದಲು 17ಪಿ ಡಿಲೀಷನ್ (17ನೇ ಕ್ರೋಮೋಸೋಮಿನ ಒಂದು ತುಂಡು ಇಲ್ಲದಿರುವುದು) ಮತ್ತು ಟಿಪಿ53 ಎಂಬ ಜೀನಿನ ದೋಷದ ಪರೀಕ್ಷೆ ಆಗಿದೆಯಾ ಎಂದು ಕೇಳಿ. ಯಾವ ಔಷಧಿ ಕೆಲಸ ಮಾಡುತ್ತದೆ ಎಂಬುದು ಅದರ ಮೇಲೆ ನಿಂತಿದೆ. ಇಬ್ರುಟಿನಿಬ್‌ನಂಥ ಮಾತ್ರೆ ಕೊಟ್ಟರೆ ಶುರುವಿನಲ್ಲಿ ಲಿಂಫೋಸೈಟ್ ಸಂಖ್ಯೆ ಏರಬಹುದು, ಹೆದರಬೇಡಿ. ಗಂಟಿನೊಳಗಿದ್ದ ಕಣಗಳು ರಕ್ತಕ್ಕೆ ಬಂದಿರುತ್ತವೆ. ನನಗಿನ್ನೂ ಆ ಸರದಿ ಬಂದಿಲ್ಲ. ಆ ಎರಡು ಪರೀಕ್ಷೆಗೆಂದು ಪುಸ್ತಕದಲ್ಲಿ ಒಂದು ಹಾಳೆ ಖಾಲಿ ಬಿಟ್ಟಿದ್ದೇನೆ.