ಶಾಲೆಯ ಲ್ಯಾಬಿನ ಇಂಟರ್ನೆಟ್‌ಗೆ ಬೇಲಿ ಹಾಕುವುದು ಹೇಗೆ?

ಒಂದೊಂದು ಕಂಪ್ಯೂಟರಿಗೂ ಫಿಲ್ಟರ್ ಹಾಕುತ್ತ ಕೂರಬೇಡಿ, ರೌಟರಿನಲ್ಲೇ ಹಾಕಿ. ಅದರ ತಳದ ಚೀಟಿಯಲ್ಲಿರುವ ವಿಳಾಸವನ್ನು (ಸಾಮಾನ್ಯವಾಗಿ 192.168.1.1) ಬ್ರೌಸರಿನಲ್ಲಿ ತೆರೆದು, ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3, ಎರಡನೆಯದರಲ್ಲಿ 1.0.0.3 ತುಂಬಿ. ಕ್ಲೌಡ್‌ಫ್ಲೇರ್‌ನ ಈ ಉಚಿತ ಸೇವೆ ಅಶ್ಲೀಲ ತಾಣಗಳನ್ನೂ ವೈರಸ್ ಹಂಚುವ ತಾಣಗಳನ್ನೂ ತಡೆಯುತ್ತದೆ. ಎರಡನೆಯದಕ್ಕೆ ಇಂಥ ತಡೆಯಿಲ್ಲದ ಗೂಗಲ್ ಸೇವೆಯ 8.8.8.8 ಕೊಟ್ಟರೆ ಬೇಲಿಯಲ್ಲಿ ಕಂಡಿ ಬಿಟ್ಟಂತೆ. ರೌಟರಿನ ಪಾಸ್‌ವರ್ಡನ್ನೂ ಬದಲಿಸಿ. 'ಅಡ್ಮಿನ್' ಎಂದಿದ್ದರೆ ಏಳನೇ ಕ್ಲಾಸಿನವರೂ ಊಹಿಸುತ್ತಾರೆ.

ಇಷ್ಟಾದರೂ ಸೋರುತ್ತಿದೆಯೇ? ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ 'ಸೆಕ್ಯೂರ್ ಡಿಎನ್‌ಎಸ್' ಬೇರೆ ಸೇವೆಗೆ ತಿರುಗಿದ್ದರೆ ಅದು ರೌಟರಿನ ಮಾತು ಕೇಳುವುದಿಲ್ಲ, ಆಫ್ ಮಾಡಿ. ಮೊಬೈಲ್ ಹಾಟ್‌ಸ್ಪಾಟ್‌ಗಂತೂ ಈ ಬೇಲಿ ತಾಗುವುದೇ ಇಲ್ಲ.

ಮಕ್ಕಳಿಗೆ ಮೊದಲ ಪಾಠ ಲಾಗ್‌ಔಟ್. ವಿಂಡೋ ಮುಚ್ಚಿದ ಮಾತ್ರಕ್ಕೆ ಖಾತೆ ಮುಚ್ಚುವುದಿಲ್ಲ. ಮುಂದಿನ ಪೀರಿಯಡ್‌ನವರಿಗೆ ಮೇಲ್ ತೆರೆದೇ ಸಿಗುತ್ತದೆ. ಕ್ರೋಮ್‌ನ ಗೆಸ್ಟ್ ಮೋಡ್ ಬಳಸಿದರೆ, ಗೆಸ್ಟ್ ವಿಂಡೋಗಳನ್ನೆಲ್ಲ ಮುಚ್ಚಿದಾಗ ಆ ಲಾಗಿನ್ ತಾನೇ ಅಳಿಸಿಹೋಗುತ್ತದೆ.