ಜರ್ಮನಿಗೆ ಬಂದಿಳಿದವರ ಮೊಬೈಲಿನಲ್ಲಿ ಏನಿರಬೇಕು

ಓದಲೆಂದು ಮ್ಯೂನಿಕ್‌ಗೆ ಬಂದ ಹಾಸನದ ಹುಡುಗನೊಬ್ಬ ಮೊದಲ ವಾರ ನಮ್ಮ ಮನೆಯಲ್ಲಿದ್ದ. ಬೆಳಿಗ್ಗೆ ಬ್ರೆಡ್ ತರುತ್ತೇನೆಂದು ಪಕ್ಕದ ಬೇಕರಿಗೆ ಹೋದವನು ಹತ್ತೇ ನಿಮಿಷದಲ್ಲಿ ಬರಿಗೈಯಲ್ಲಿ ಮರಳಿದ. ಅವನ ಮೊಬೈಲಿನಲ್ಲಿ ಹಣ ಪಾವತಿಯ ಮೂರು ಆ್ಯಪ್‌ಗಳಿದ್ದವು. ಬೇಕರಿಯ ಗಲ್ಲಾಪೆಟ್ಟಿಗೆಯ ಮೇಲೆ ‘ನೂರ್ ಬಾರ್‌ತ್ಸಾಲುಂಗ್’ ಎಂಬ ಚೀಟಿ ಇತ್ತು. ನಗದು ಮಾತ್ರ ಎಂದು ಅದರ ಅರ್ಥ. “ನಮ್ಮೂರ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವರ ಹತ್ತಿರವೂ ಕ್ಯೂಆರ್ ಕೋಡ್ ಇದೆಯಲ್ಲ ಅಕ್ಕಾ” ಎಂದ. ಇಪ್ಪತ್ತು ಯೂರೋ ನೋಟು ಕೊಟ್ಟು ಮತ್ತೆ ಕಳಿಸಿದೆ.

ಬೆಂಗಳೂರಿನಲ್ಲಿ ಕಾಗದವನ್ನು ಮೊಬೈಲ್ ಎಂದೋ ಓಡಿಸಿಬಿಟ್ಟಿದೆ. ಇಲ್ಲಿ ಅವೆರಡೂ ಇನ್ನೂ ಕೂಡಿ ಸಂಸಾರ ಮಾಡುತ್ತಿವೆ. ಇದು ಗೊತ್ತಿಲ್ಲದೆ ಬಂದವರು ಮೊದಲ ದಿನವೇ ನಲವತ್ತು ಆ್ಯಪ್ ಹಾಕಿಕೊಂಡು ಕೂರುತ್ತಾರೆ. ಎಂಟು ಹತ್ತು ಸಾಕು.

ಊರು ಬಿಡುವ ಮೊದಲೇ ಮುಗಿಸಬೇಕಾದ ಕೆಲಸವೆಂದರೆ ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸುವುದು. ಬ್ಯಾಂಕಿನ ಒಟಿಪಿ ಬರುವುದು ಆ ಸಂಖ್ಯೆಗೆ. 90 ದಿನ ಬಳಸದೆ ಬಿಟ್ಟರೆ ಪ್ರಿಪೇಯ್ಡ್ ಸಂಖ್ಯೆ ಕೈತಪ್ಪಬಹುದು. ಆಮೇಲೆ ಅದು ಬೇರೆ ಯಾರದೋ ಪಾಲು. ಅನಿವಾಸಿ ಖಾತೆಗೆ ವಿದೇಶದ ಮೊಬೈಲ್ ಸಂಖ್ಯೆಯನ್ನೇ ಜೋಡಿಸಿ ಯುಪಿಐ ಬಳಸಲು 2023ರ ಆರಂಭದಲ್ಲಿ ಹತ್ತು ದೇಶಗಳಿಗೆ ಅವಕಾಶ ಸಿಕ್ಕಿತು. ಆ ಹತ್ತರಲ್ಲಿ ದುಬೈಯವರು, ಸಿಂಗಪುರದವರು ಇದ್ದರು, ನಾವು ಇರಲಿಲ್ಲ. ಆದ್ದರಿಂದ ಹಳೆಯ ಸಿಮ್ ಅನ್ನು ಜೋಪಾನ ಮಾಡಿ.

ಇಲ್ಲಿನ ಕೆಲವು ಆ್ಯಪ್‌ಗಳು ಭಾರತದ ಗೂಗಲ್ ಖಾತೆಯಲ್ಲಿ ಕಾಣಿಸುವುದಿಲ್ಲ. ಹಾಗೆಂದು ಅವಸರದಲ್ಲಿ ಪ್ಲೇ ಸ್ಟೋರಿನ ದೇಶ ಬದಲಿಸಲು ಹೋಗಬೇಡಿ. ಒಮ್ಮೆ ಬದಲಿಸಿದರೆ ಒಂದು ವರ್ಷ ಹಿಂತಿರುಗುವ ಹಾಗಿಲ್ಲ, ಅಷ್ಟರಲ್ಲಿ ಊರಿನ ಯಾವುದಾದರೂ ಆ್ಯಪ್ ಬೇಕಾದರೆ ಪೇಚಾಟ. ಜರ್ಮನಿಯ ಹೆಸರಿನಲ್ಲಿ ಇನ್ನೊಂದು ಗೂಗಲ್ ಖಾತೆ ತೆರೆದು ಅದನ್ನೂ ಅದೇ ಮೊಬೈಲಿಗೆ ಸೇರಿಸಿಕೊಳ್ಳಿ.

ಇನ್ನು ಬ್ಯಾಂಕು. ಖಾತೆ ತೆರೆದರೆ ಸಾಲದು, ಹಣ ಕಳಿಸುವಾಗಲೆಲ್ಲ ಒಪ್ಪಿಗೆ ಕೊಡಲು ಟ್ಯಾನ್ ಆ್ಯಪ್ ಬೇಕು. ಬಹಳಷ್ಟು ಬ್ಯಾಂಕುಗಳಲ್ಲಿ ಆ ಆ್ಯಪನ್ನು ಮೊದಲ ಸಲ ತೆರೆಯುವ ಸಂಕೇತ ಬರುವುದು ಅಂಚೆಯಲ್ಲಿ. ಅಂಚೆ ಬರಬೇಕಾದರೆ ಕೆಳಗಿನ ಡಬ್ಬಿಯ ಮೇಲೆ ನಿಮ್ಮ ಹೆಸರಿರಬೇಕು, ಏಕೆಂದರೆ ಇಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲಾಟ್ ಸಂಖ್ಯೆ ಇರುವುದೇ ಇಲ್ಲ. ಹೆಸರು ಕಾಣದಿದ್ದರೆ ಪತ್ರ ಹಿಂದಕ್ಕೆ ಹೋಗುತ್ತದೆ. ಅಂದರೆ ಜರ್ಮನಿಯಲ್ಲಿ ನೀವು ಹಾಕಿಕೊಳ್ಳಬೇಕಾದ ಮೊದಲ ಆ್ಯಪ್ ಅಂಚೆ ಡಬ್ಬಿಗೆ ಅಂಟಿಸುವ ಎರಡು ಅಂಗುಲದ ಕಾಗದ! ನಾನು ಒಮ್ಮೆ ಹಳೆಯ ಮೊಬೈಲನ್ನು ಪೂರ್ತಿ ಅಳಿಸಿ ಗೆಳತಿಗೆ ಕೊಟ್ಟ ಮೇಲೆ ಹೊಸದನ್ನು ಹಿಡಿದು ಕುಳಿತೆ. ಟ್ಯಾನ್ ಆ್ಯಪ್ ಹಳೆಯ ಮೊಬೈಲಿನ ಅನುಮತಿ ಕೇಳಿತು. ಆ ಮೊಬೈಲೇ ಇಲ್ಲ. ಹೊಸ ಪತ್ರ ಬರುವವರೆಗೆ ಆರು ದಿನ, ಮನೆ ಬಾಡಿಗೆಯನ್ನೂ ಕಟ್ಟಲಾಗದೆ, ದಿನಕ್ಕೆರಡು ಸಲ ಮೆಟ್ಟಿಲಿಳಿದು ಡಬ್ಬಿ ನೋಡಿ ಬರುತ್ತಿದ್ದೆ. ಹೊಸದರಲ್ಲಿ ಟ್ಯಾನ್ ಆ್ಯಪ್ ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಹಳೆಯದನ್ನು ಅಳಿಸಿ.

ಓಡಾಟಕ್ಕೆ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಮತ್ತು ನಿಮ್ಮ ಊರಿನ ಸಾರಿಗೆಯ ಆ್ಯಪ್ ಇದ್ದರೆ ಆಯಿತು. 2023ರ ಮೇ ತಿಂಗಳಲ್ಲಿ ತಿಂಗಳಿಗೆ 49 ಯೂರೋದಂತೆ ಶುರುವಾದ ಡಾಯ್ಚ್‌ಲಾಂಡ್ ಟಿಕೆಟ್ 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದೇಶದ ಯಾವ ಮೂಲೆಯಲ್ಲಾದರೂ ಸಿಟಿ ಬಸ್ಸು, ಟ್ರಾಮ್, ಪ್ರಾದೇಶಿಕ ರೈಲು ಹತ್ತಬಹುದು; ವೇಗದ ಐಸಿಇ ರೈಲಿಗೆ ನಡೆಯದು. ಅದು ತಿಂಗಳಿಗೆ ಒಮ್ಮೆ ಕೊಳ್ಳುವ ಟಿಕೆಟಲ್ಲ, ತಾನಾಗಿಯೇ ಮುಂದುವರಿಯುವ ಚಂದಾ. ಡಿಸೆಂಬರಿನಲ್ಲಿ ಊರಿಗೆ ಹೋಗುವವರು ನವೆಂಬರ್ 10ರೊಳಗೆ ರದ್ದು ಮಾಡದಿದ್ದರೆ ಡಿಸೆಂಬರಿನ ಹಣವೂ ಹೋಗುತ್ತದೆ. ಟಿಕೆಟ್ ಮೊಬೈಲಿನಲ್ಲಿರುವುದರಿಂದ ಬ್ಯಾಟರಿ ಸತ್ತರೆ ನೀವು ಟಿಕೆಟಿಲ್ಲದವರು: ದಂಡ 60 ಯೂರೋ. ಆಮೇಲೆ ಟಿಕೆಟ್ ತೋರಿಸಿ ಕಡಿಮೆ ಮಾಡಿಸಿಕೊಳ್ಳಬಹುದು, ಆದರೆ ಅದಕ್ಕೂ ಅಲೆಯಬೇಕು. ಚೀಲದಲ್ಲಿ ಪವರ್ ಬ್ಯಾಂಕ್ ಇರಲಿ. ದೂರದ ರೈಲು ಗುರಿ ಮುಟ್ಟುವಾಗ 60 ನಿಮಿಷ ತಡವಾಗಿದ್ದರೆ ಟಿಕೆಟ್ ದರದ ಕಾಲು ಭಾಗ, 120 ನಿಮಿಷವಾದರೆ ಅರ್ಧ ವಾಪಸು ಸಿಗುತ್ತದೆ. ಸಂಕೋಚಪಡದೆ ಕೇಳಿ. ಇಲ್ಲಿನವರೂ ಕೇಳುತ್ತಾರೆ.

ಆದರೆ ಆ್ಯಪ್ ಹೇಳಿದ ರೈಲು ಹತ್ತಿದೆವೆಂದು ನಿದ್ದೆ ಹೋಗಬೇಡಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಕೆಲವು ರೈಲುಗಳು ದಾರಿಯಲ್ಲೇ ಇಬ್ಭಾಗವಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ. ತೇಗರ್ನ್‌ಸೇ ಸರೋವರ ನೋಡಲು ಬುತ್ತಿ ಕಟ್ಟಿಕೊಂಡು ಹೊರಟ ನಾವು ಇಳಿದದ್ದು ಬಾಯ್ರಿಶ್‌ತ್ಸೆಲ್ ಎಂಬ ಬೇರೆಯೇ ಊರಿನಲ್ಲಿ. ಹೋಲ್ಜ್‌ಕಿರ್ಖನ್ ನಿಲ್ದಾಣದಲ್ಲಿ ಬೋಗಿಗಳು ಬೇರ್ಪಟ್ಟಿದ್ದವು, ನಾವು ಚಿತ್ರಾನ್ನದ ಡಬ್ಬಿ ಬಿಚ್ಚಿದ್ದೆವು. ಹತ್ತುವ ಬೋಗಿಯ ಬಾಗಿಲ ಬಳಿಯ ಫಲಕ ಓದಿಕೊಳ್ಳಿ.

ಸಸ್ಯಾಹಾರಿಗಳಿಗೆ ಗೂಗಲ್ ಅನುವಾದದ ಕ್ಯಾಮೆರಾ ದೊಡ್ಡ ಆಸರೆ. ಡಬ್ಬದ ಹಿಂದಿನ ಸಣ್ಣಕ್ಷರಕ್ಕೆ ಹಿಡಿಯಿರಿ, ಆದರೆ ಮೂಲ ಭಾಷೆ ಜರ್ಮನ್ ಎಂದು ನೀವೇ ಆರಿಸಿ. ಇಲ್ಲದಿದ್ದರೆ ಚೀಸ್ ಪೊಟ್ಟಣದ ಮೇಲಿನ ‘ಲಾಬ್’ ಅನ್ನು ಅದು ಪ್ರಯೋಗಾಲಯ ಎಂದೀತು. ಹಾಲು ಗಟ್ಟಿಯಾಗಿಸುವ ಆ ಕಿಣ್ವ ಹಲವು ಸಲ ಕರುವಿನ ಹೊಟ್ಟೆಯದು. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ‘ಜೆಲಾಟಿನೆ’ ಕೆಲವು ಮೊಸರಿನಲ್ಲಿಯೂ, ‘ಷ್ಮಾಲ್ಟ್ಸ್’ ಎಂಬ ಹಂದಿಯ ಕೊಬ್ಬು ಕೆಲವು ತಿಂಡಿಗಳಲ್ಲಿಯೂ ಇರುತ್ತದೆ. ಈ ಮೂರು ಪದ ಬಾಯಿಪಾಠವಾದರೆ ಕ್ಯಾಮೆರಾ ಬೇಡ. ಸರ್ಕಾರಿ ಪತ್ರಗಳಿಗೆ ಅದೇ ಆ್ಯಪ್ ಬಳಸುವಾಗ ಕನ್ನಡಕ್ಕಿಂತ ಇಂಗ್ಲಿಷ್ ಅನುವಾದ ವಾಸಿ. ಮೊದಲು ‘ಫ್ರಿಸ್ಟ್’ ಎಂಬ ಪದ ಹುಡುಕಿ, ಉತ್ತರಿಸಲು ಕೊನೆಯ ದಿನಾಂಕ ಅದರ ಪಕ್ಕದಲ್ಲೇ ಸಿಗುತ್ತದೆ.

ವೈದ್ಯರ ಭೇಟಿಗೆ ಡಾಕ್ಟೊಲಿಬ್ ಹಾಕಿಕೊಳ್ಳಿ. ಸರ್ಕಾರಿ ವಿಮೆಯವರಿಗೆ 2024ರಿಂದ ಔಷಧಿ ಚೀಟಿಯೂ ಡಿಜಿಟಲ್, ಆದರೆ ಔಷಧಿ ಅಂಗಡಿಯಲ್ಲಿ ವಿಮಾ ಕಾರ್ಡ್ ಕೊಟ್ಟರೂ ಕೆಲಸ ಆಗುತ್ತದೆ. ರಾತ್ರಿ ಜ್ವರ ಬಂದು ಯಾರನ್ನು ಕೇಳುವುದೆಂದು ತಿಳಿಯದಿದ್ದರೆ 116117ಕ್ಕೆ ಕರೆ ಮಾಡಿ, ಪ್ರಾಣಾಪಾಯವಿದ್ದರೆ 112. ಸೂಪರ್‌ಮಾರ್ಕೆಟ್ಟುಗಳ ರಿಯಾಯಿತಿ ಆ್ಯಪ್‌ಗಳು ನನಗೆ ಇಷ್ಟವಿಲ್ಲ. ಮೂವತ್ತು ಸೆಂಟ್ ಉಳಿಸಿ, ತಿಂಗಳಿಗೆ ಎಷ್ಟು ಅಕ್ಕಿ ತಂದೆವೆಂಬ ಲೆಕ್ಕವನ್ನು ಅವರಿಗೆ ಒಪ್ಪಿಸುವುದು ಯಾವ ವ್ಯಾಪಾರ? ನಮ್ಮ ಮನೆಯವರು ಒಪ್ಪುವುದಿಲ್ಲ, ಅವರ ಮೊಬೈಲಿನಲ್ಲಿ ನಾಲ್ಕಿವೆ.

ಬಾಡಿಗೆ ಮನೆ ಹುಡುಕುವ ಆ್ಯಪ್‌ಗಳಲ್ಲಿ ಮಾತ್ರ ಎಚ್ಚರ. ಸಂತೆ ಬೆಲೆಗೆ ಅರಮನೆಯಂಥ ಮನೆ, ಮಾಲೀಕ ಹೊರದೇಶದಲ್ಲಿ, ಮುಂಗಡ ಕಳಿಸಿದರೆ ಕೀಲಿಕೈ ಅಂಚೆಯಲ್ಲಿ ಬರುತ್ತದೆ ಎಂಬ ಕಥೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನೀವು ಹೋಗಿ ನೋಡಲಾಗದಿದ್ದರೆ ಆ ಊರಿನ ಕನ್ನಡಿಗರೊಬ್ಬರನ್ನು ಕೇಳಿಕೊಳ್ಳಿ, ಒಂದು ಸಂಜೆ ಹೋಗಿ ಬಂದಾರು.

ಕೊನೆಯದು ‘ನೀನಾ’, ಸರ್ಕಾರದ ವಿಪತ್ತು ಮುನ್ಸೂಚನೆಯ ಆ್ಯಪ್. ನೆರೆ, ಬಿರುಗಾಳಿ, ಹಳೆಯ ಯುದ್ಧದ ಬಾಂಬು ಸಿಕ್ಕಿದ ಸುದ್ದಿ ಎಲ್ಲ ಅದರಲ್ಲಿ ಬರುತ್ತದೆ. ಈಚೆಗೆ ಪ್ರತಿ ಸೆಪ್ಟೆಂಬರಿನ ಎರಡನೆಯ ಗುರುವಾರ ಬೆಳಿಗ್ಗೆ 11 ಗಂಟೆಗೆ ದೇಶದಾದ್ಯಂತ ಈ ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆ ನಡೆಯುತ್ತದೆ; ಮೌನದಲ್ಲಿಟ್ಟ ಮೊಬೈಲ್ ಕೂಡ ಕಿರುಚಬಹುದು. ಊರಿನಿಂದ ಬಂದಿದ್ದ ಅತ್ತೆಗೆ ಇದನ್ನು ಹೇಳಲು ನಾನು ಮರೆತಿದ್ದೆ. ನಾನು ಅಡುಗೆಮನೆಗೆ ಬರುವಷ್ಟರಲ್ಲಿ ಅವರು ಒಲೆ ಆರಿಸಿ, ಸ್ವೆಟರ್ ತೊಟ್ಟು, ಪಾಸ್‌ಪೋರ್ಟ್ ಇಟ್ಟ ಕೈಚೀಲ ಹಿಡಿದು ಬಾಗಿಲ ಬಳಿ ನಿಂತಿದ್ದರು.